ಅವ್ವಗ ಮಾತ್ರ

ನನ್ನ ದನಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಹೇಳದಿದ್ದರೂ ನಿಮಗೆ ಕೇಳಿಸಿಯೇ ಕೇಳಿಸುತ್ತದೆ. ಪಿಸುಗುಟ್ಟುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ವಂಶದಲ್ಲಿ ಯಾರಿಗೂ ಬಂದಿಲ್ಲ. ನಮ್ಮ ತಂದೆ ದೇವರ ಮುಂದೆ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಬೇಡಿಕೊಂಡದ್ದು ಎದುರು ಮನೆಯವರಿಗೆ ಕೇಳಿಸಿ, ಅವರು ಮಧ್ಯಾಹ್ನ ಬಂದು "ಏನ್ರೀ, ಹೊಟ್ಟಿನೋವು ಇನ್ನೂ ಕಡಿಮಿ ಆಗಿಲ್ಲೇನು?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಇಂಥ ಮನೆತನದವನು ಬದುಕಿನಲ್ಲಿ ಒಂದು ಮಾತನ್ನು, ಒಬ್ಬರಿಗೆ ಮಾತ್ರ, ಬೇರೆ ಯಾರ ಕಿವಿಗೂ ಬೀಳದಂತೆ ಹೇಳಬೇಕಾಗಿ ಬಂತು. ಆ ಒಬ್ಬರು ಹುಬ್ಬಳ್ಳಿಯಲ್ಲಿದ್ದರು, ನಾನು ಅಹಮದಾಬಾದಿನ ಮಣಿನಗರದಲ್ಲಿದ್ದೆ. ನಡುವೆ ಇದ್ದದ್ದು ಒಂದು ಟೇಪ್ ರೆಕಾರ್ಡರ್. ಹೇಳಿಕೊಂಡರೆ ಜನ ನಗುತ್ತಾರೆ. ನಗಲಿ, ಅಡ್ಡಿಯಿಲ್ಲ. ನನಗೆ ಮಾತ್ರ ಇವತ್ತಿಗೂ ಪೂರ್ತಿ ನಗು ಬರುವುದಿಲ್ಲ.

ವಿಮಾ ಕಚೇರಿಯವರು ನನ್ನನ್ನು ಗುಜರಾತಿಗೆ ಎತ್ತಿ ಹಾಕಿದಾಗ ನನಗೂ ನನ್ನ ಹೆಂಡತಿ ವತ್ಸಲಾಗೂ ಅಲ್ಲಿ ಒಂದೇ ಒಂದು ಸೌಕರ್ಯ ಕಂಡಿತು. ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಸ್ಟೇಶನ್ ಎದುರಿನ ಉಡುಪಿ ಹೋಟೆಲಿನ ಶೆಟ್ಟರನ್ನು ಬಿಟ್ಟರೆ ಸುತ್ತಮುತ್ತ ನಮ್ಮ ಮಾತು ತಿಳಿಯುವ ಒಂದು ನರಪಿಳ್ಳೆಯೂ ಇರಲಿಲ್ಲ. ಬೇರೆಯವರು ಮನೆಗೆ ಬೀಗ ಹಾಕುತ್ತಾರೆ, ನಾವು ಕನ್ನಡ ಹಾಕಿಕೊಂಡು ತಿರುಗುತ್ತಿದ್ದೆವು. ತರಕಾರಿಯವನ ಎದುರಿಗೇ ಅವನ ತಕ್ಕಡಿಯ ಬಗ್ಗೆ, ಡಾಕ್ಟರ ಎದುರಿಗೇ ಅವರ ಔಷಧಿಯ ಬಗ್ಗೆ, ಪಕ್ಕದ ಮನೆಯ ಕಾಂತಾಬೆನ್ ಕೊಟ್ಟ ಸಕ್ಕರೆ ಹಾಕಿದ ಬೇಳೆಸಾರನ್ನು ಅವರೆದುರೇ ಉಣ್ಣುತ್ತಾ ಆ ಸಾರಿನ ಬಗ್ಗೆ, ನಗುಮುಖದಿಂದ, ಗಟ್ಟಿಯಾಗಿ ಮಾತಾಡುತ್ತಿದ್ದೆವು. ಕಾಂತಾಬೆನ್ ನಾವು ಹೊಗಳುತ್ತಿದ್ದೇವೆಂದು ತಿಳಿದು ಇನ್ನೊಂದು ಸೌಟು ಹಾಕುತ್ತಿದ್ದರು. ವತ್ಸಲಾ ಒಂದೆರಡು ವರ್ಷಗಳಲ್ಲಿ ಕಾಂತಾಬೆನ್ನರ ಜೊತೆ ಕೂತು ಕೂತು ಗುಜರಾತಿ ಕಲಿತಳು. ಮಗಳು ಮಾಲು ಅಲ್ಲೇ ಬೆಳೆದವಳು, ಅವಳಿಗೆ ಕನ್ನಡವೇ ಪರಭಾಷೆ. ನಾನು ಮಾತ್ರ "ಕೇಮ್ ಛೋ", "ಮಜಾಮಾ", "ಬಹು ಸರಸ್" ಇಷ್ಟರಲ್ಲೇ ಸಂಸಾರ ನಡೆಸಿದೆ. ಕಚೇರಿಯಲ್ಲಿ ಹಿಂದಿ ಸಾಕಾಗುತ್ತಿತ್ತು. ಕಲಿಯಬಾರದೆಂದಲ್ಲ, ತಲೆಗೆ ಹತ್ತಲಿಲ್ಲ. ಹೀಗೆ ನನ್ನ ಮನೆಯಲ್ಲೇ ತಾಯಿ ಮಗಳು ಗುಜರಾತಿಯಲ್ಲಿ ಮಾತಾಡಿ ನಗುವಾಗ ನಾನು ಹೊರಗಿನವನಂತೆ ಪೇಪರ್ ಹಿಡಿದು ಕೂತಿರುತ್ತಿದ್ದೆ.

ಊರಿಗೆ ಸುದ್ದಿ ಮುಟ್ಟಿಸುವುದು ಆಗ ದೊಡ್ಡ ಪೇಚಾಟ. ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಪತ್ರ ಬರೆದರೆ ಅಣ್ಣ ಪಡಸಾಲೆಯಲ್ಲಿ ಕೂತು ಭಾಷಣ ಮಾಡುವವರಂತೆ ಓದುತ್ತಿದ್ದ. ಟ್ರಂಕ್ ಕಾಲ್ ಮಾಡೋಣವೆಂದರೆ ಫೋನು ಇದ್ದದ್ದು ಹಿಂದಿನ ಓಣಿಯ ಕಟ್ಟಿಗೆ ಅಡ್ಡೆಯಲ್ಲಿ. ಅದು ಗುಜರಾತಿ ಪಟೇಲರದು. ಅಲ್ಲಿ ಕೊಯ್ಯುವ ಯಂತ್ರದ ಸದ್ದಿನಲ್ಲಿ ಅವ್ವ ಕಿರುಚಬೇಕು, ಇಲ್ಲಿ ನಾನು ಕಿರುಚಬೇಕು. ಅಷ್ಟಕ್ಕೆ ಫೋನೇ ಬೇಕಾಗಿರಲಿಲ್ಲ ಅನ್ನಿಸುತ್ತಿತ್ತು. ಆ ಹೊತ್ತಿಗೆ ಶೆಟ್ಟರ ತಮ್ಮ ಮಸ್ಕತ್ತಿನಿಂದ ತಂದ ಟೇಪ್ ರೆಕಾರ್ಡರು ನನ್ನ ಕೈಗೆ ಬಂತು. ಹುಬ್ಬಳ್ಳಿಯ ಅಣ್ಣನೂ ಒಂದನ್ನು ಹೊಂದಿಸಿಕೊಂಡ. ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ, ಬಟ್ಟೆಯಲ್ಲಿ ಹೊಲಿದು ಅಂಚೆಗೆ ಹಾಕುವುದು. ಅಲ್ಲಿಂದ ಅದೇ ಬನಿಯನ್ನಿನಲ್ಲಿ ಇನ್ನೊಂದು ಬರುವುದು. ಇನ್ನು ಮೇಲೆ ನನ್ನ ದನಿ ನೇರ ಅವ್ವನ ಕಿವಿಗೆ, ನಡುವೆ ಯಾರೂ ಇಲ್ಲ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ನಡುವೆ ಇಡೀ ಪಡಸಾಲೆ ಇತ್ತು. ಕ್ಯಾಸೆಟ್ ಬಂದ ದಿನ ಅಣ್ಣನ ಮನೆಯಲ್ಲಿ ಜಮಖಾನೆ ಹಾಸುತ್ತಿದ್ದರಂತೆ. ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಮಕ್ಕಳು, ಬಂದುಹೋದ ನೆಂಟರು, ಚುರುಮುರಿ, ಚಹಾ. ಬಾಗಿಲ ಬಳಿ ಕಟ್ಟಿಗೆ ಅಡ್ಡೆಯ ಪಟೇಲರ ಸೊಸೆ ಜಯಾಬೆನ್. ಆಕೆಗೆ ನಮ್ಮ ಸಂಸಾರದ ಸುದ್ದಿ ಬೇಕಿರಲಿಲ್ಲ. ನನ್ನ ಮಾತಿನ ಹಿಂದೆ ಕಾಂತಾಬೆನ್ನರ ಜೋಕಾಲಿಯ ಕಿರುಗುಟ್ಟುವ ಸದ್ದು, ಬೀದಿಯಲ್ಲಿ ಹಾದುಹೋಗುವ ಗಾಡಿಯವನ ಕೂಗು ಕೇಳಿಸಿದರೆ "ಇನ್ನೊಮ್ಮೆ ಹಚ್ಚರಿ, ನಮ್ಮ ಕಡೀ ಸಪ್ಪಳ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳಂತೆ. ಇದನ್ನೆಲ್ಲ ಅಣ್ಣ ಅಭಿಮಾನದಿಂದ ಕ್ಯಾಸೆಟ್ಟಿನಲ್ಲಿ ತಿಳಿಸುತ್ತಿದ್ದ. ಮೊದಲನೆಯ ಕ್ಯಾಸೆಟ್ಟಿನಲ್ಲೇ ಒಂದು ಅನಾಹುತವಾಗಿತ್ತು. ನಾನು ಮಾತು ಮುಗಿಸಿ ಗುಂಡಿ ಒತ್ತಿದೆನೆಂದುಕೊಂಡೆ, ಅದು ಒತ್ತಿರಲಿಲ್ಲ. ಒಳಗಿನಿಂದ ವತ್ಸಲಾ, "ವೈನಿ ಕೊಟ್ಟ ಸೀರಿ ಒಂದ ನೀರಿಗೆ ಬಣ್ಣಾ ಬಿಟ್ಟದ ನೋಡ್ರಿ, ನಿಮ್ಮ ಧೋತರಾನೂ ಹಸರ ಆಗೇದ" ಎಂದದ್ದು, ಅದಕ್ಕೆ ನಾನು "ಅಕೀ ಕೊಟ್ಟದ್ದು ಯಾವುದು ಬಾಳಿಕಿ ಬಂದದ?" ಎಂದದ್ದು, ಎರಡೂ ಹುಬ್ಬಳ್ಳಿಗೆ ಹೋದವು. ಮುಂದಿನ ಹಲವು ಕ್ಯಾಸೆಟ್ಟುಗಳಲ್ಲಿ ವೈನಿಯ ದನಿಯೇ ಇರಲಿಲ್ಲ. ಹಿಂದೆ ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜೋರಾಗಿ ಇರುತ್ತಿತ್ತು. ಮಣಿನಗರದಲ್ಲಿ ಗಟ್ಟಿಯಾಗಿ ಮಾತಾಡಿ ಮಾತಾಡಿ, ನಾವು ಹಾಕಿದ ಬೀಗ ಹುಬ್ಬಳ್ಳಿಯಲ್ಲಿ ತಾನಾಗಿ ತೆರೆದುಕೊಳ್ಳುತ್ತದೆಂಬುದನ್ನೇ ಮರೆತಿದ್ದೆವು.

ಒಮ್ಮೆ ಅವ್ವನ ಹತ್ತಿರ ಏನೋ ಕೇಳಬೇಕಿತ್ತು, ತೀರ ಸಣ್ಣ ವಿಷಯ. ಅವಳ ಮಂಡಿನೋವಿಗೆ ಅಣ್ಣ ಔಷಧಿ ತಂದುಕೊಡುತ್ತಾನೋ ಇಲ್ಲವೋ ಎಂದು. ಜಾಣತನ ಮಾಡಿ ಕ್ಯಾಸೆಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ "ಅವ್ವಗ ಮಾತ್ರ" ಎಂದು ಬರೆದು ಕಳಿಸಿದೆ. ಉತ್ತರ ಬಂತು. ಮೊದಲಿಗೆ ಅಣ್ಣನ ದನಿ: "ಶೀನ್ಯಾ, ನೀ ಕಳಿಸಿದ ಕ್ಯಾಸೆಟ್ ಮುಟ್ಟಿತು. ಅವ್ವಗ ಮಾತ್ರ ಅಂತ ಬರದಿದ್ದಿ, ಅದಕ್ಕ ನಾವೆಲ್ಲಾರೂ ಬಾಯಿ ಮುಚ್ಚಿಕೊಂಡು ಕೂತು ಕೇಳಿದಿವಿ. ಒಬ್ರೂ ಪಿಟಕ್ ಅನಲಿಲ್ಲ. ಔಷಧ ಮೂರು ಹೊತ್ತೂ ಕೊಡ್ಲಿಕತ್ತೇನಿ." ಆಮೇಲೆ ಅವ್ವ ಬಂದು ಪಾಪ, "ಹೌದಪಾ, ಕೊಡತಾನ" ಎಂದಳು. ಆ ದನಿಯಿಂದ ಕೊಡುತ್ತಾನೋ ಇಲ್ಲವೋ ತಿಳಿಯಲೇ ಇಲ್ಲ. ಪಡಸಾಲೆಯಲ್ಲಿ ಕೂತ ಅವ್ವ ಬೇರೆ ಏನು ಹೇಳಿಯಾಳು?

ಇಷ್ಟರವರೆಗೆ ಎಲ್ಲ ತಮಾಷೆಯೇ. ಆಮೇಲೆ ವತ್ಸಲಾ ಬಸಿರಾದಳು. ಮಾಲು ಹುಟ್ಟಿ ಆರು ವರ್ಷಗಳ ಮೇಲೆ. ಪಡಸಾಲೆಗೆ ಪಡಸಾಲೆಯೇ ಕುಣಿದಾಡಿತು. ವೈನಿ ಕೂಡ ಸೀರೆಯ ವಿಷಯ ಮರೆತು ಮಾತಾಡಿದಳು. ಅವ್ವನ ಕ್ಯಾಸೆಟ್ಟುಗಳಂತೂ ಪೂರ್ತಿ ಬಾಣಂತನದ ಪಾಠವಾದವು. "ಬಗ್ಗಿ ಕೊಡ ಎತ್ತಬ್ಯಾಡ ವತ್ಸಲಾ. ಆ ಕಾಂತಾಬಾಯಿ ಕೊಡೋ ಸಕ್ರಿ ಸಾರು ಭಾಳ ಉಣಬ್ಯಾಡ. ನಾ ಕೂಸಿಗೆ ಕುಂಚಿಗಿ ಹೊಲೀಲಿಕತ್ತೇನಿ, ಕೇಳು, ಇದು ಕತ್ರಿ ಸಪ್ಪಳ." ಕೂಸಿನ ತಲೆಗೆ ಕಟ್ಟುವ ಕುಂಚಿಗೆಯ ಬಟ್ಟೆಯನ್ನು ಕತ್ತರಿಸುವ ಕಿರಿಕಿರಿ ಸದ್ದನ್ನು ಅವಳು ಯಂತ್ರದ ಹತ್ತಿರ ಹಿಡಿದು ಕೇಳಿಸಿದ್ದಳು. ವತ್ಸಲಾ ಆ ಸದ್ದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು.

ಐದು ತಿಂಗಳು ತುಂಬಿದ ಮೇಲೆ ಒಂದು ದಿನ ನಾನು ಕಚೇರಿಯಲ್ಲಿದ್ದಾಗ ಎಲ್ಲ ಮುಗಿದುಹೋಯಿತು. ಕಾಂತಾಬೆನ್ನರೇ ರಿಕ್ಷಾ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾನು ಹೋಗುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ. ಮನೆಗೆ ಕರೆತಂದ ಮೇಲೆ ವತ್ಸಲಾ ಅಳಲಿಲ್ಲ. ಅಡಿಗೆ ಮಾಡಿದಳು, ಮಾಲುವಿಗೆ ಜಡೆ ಹಾಕಿದಳು, ನಾನು ಏನಾದರೂ ಕೇಳಿದರೆ "ಹ್ಞೂಂ" ಅಂದಳು. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು. ಅಳದವರಿಗೆ ಏನು ಹೇಳುವುದು? ಒಂದು ಸಂಜೆ ತಾನಾಗಿಯೇ ಬಂದು ನನ್ನೆದುರು ಕೂತು, "ರೀ, ಹುಬ್ಬಳ್ಳಿಗೆ ಹೇಳಬ್ಯಾಡ್ರಿ. ಅತ್ತ್ಯಾರಿಗೆ ಒಬ್ಬರಿಗೆ ಹೇಳಿದ್ರ ನನಗೇನೂ ಇಲ್ಲ. ಆದ್ರ ನನ್ನ ಸುದ್ದಿ ಆ ಪಡಸಾಲ್ಯಾಗ ಚುರುಮುರಿ ಜೋಡಿ ತಿನ್ನೋ ಹಂಗ ಆಗಬಾರದು. ಕೊಡ ಎತ್ತಿದ್ಲು, ಬಸ್ಸಿನಾಗ ಹೋದ್ಲು ಅಂತ ಎಲ್ಲಾರೂ ಕೂತು ನನ್ನ ತಪ್ಪು ಹುಡುಕತಾರ. ನನಗ ಅದನ್ನ ತಡಕೊಳ್ಳಿಕ್ಕೆ ಆಗೂದಿಲ್ಲ" ಎಂದಳು. ನಾನು ಆಣೆ ಮಾಡಿದೆ. ಆಣೆ ಮಾಡುವಾಗಲೂ ನನ್ನ ದನಿ ದೊಡ್ಡದಾಯಿತು. ಪಕ್ಕದ ಮನೆಯ ಜೋಕಾಲಿ ಒಂದು ಗಳಿಗೆ ನಿಂತಿತು.

ಅಷ್ಟರಲ್ಲಿ ಅವ್ವನ ಮುಂದಿನ ಕ್ಯಾಸೆಟ್ ಬಂತು. ಬರದೇ ಇರುತ್ತದೆಯೇ? ಅಲ್ಲಿ ಅವಳಿಗೆ ಇನ್ನೂ ಬಸುರಿ ಸೊಸೆ ಇದ್ದಳು. ಕುಂಚಿಗೆಗೆ ಕೆಂಪು ಅಂಚು ಹಚ್ಚಲೋ ಹಳದಿ ಹಚ್ಚಲೋ ಎಂದು ಕೇಳಿದ್ದಳು. ನಾನು ಬೇಗ ಬೇಗ ಮುಂದೆ ಓಡಿಸಲು ನೋಡಿದೆ. ವತ್ಸಲಾ "ಇರಲಿ ಬಿಡ್ರಿ" ಎಂದು ಗೋಡೆಯ ಕಡೆ ಮುಖ ಮಾಡಿ ಪೂರ್ತಿ ಕೇಳಿದಳು. ಆವತ್ತಿನಿಂದ ಆಕೆ ಆ ಯಂತ್ರದ ಹತ್ತಿರ ಬರುವುದನ್ನೇ ಬಿಟ್ಟಳು. ಅವ್ವನಿಗೆ ಹೇಳಲೇಬೇಕು, ಬೇರೆ ಯಾರಿಗೂ ತಿಳಿಯಬಾರದು. ಹೇಳದಿದ್ದರೆ ತಿಂಗಳು ತಿಂಗಳು ಆ ಕತ್ತರಿಯ ಸದ್ದು ಬರುತ್ತಲೇ ಇರುತ್ತದೆ.

ಮೊದಲು ಮಾತು ತುಂಬುವುದಕ್ಕೇ ಜಾಗವಿಲ್ಲ. ನಮ್ಮದು ಒಂದು ಕೋಣೆ, ಒಂದು ಅಡಿಗೆಮನೆ. ವತ್ಸಲಾ ಕೇಳುವಂತೆ ಇದನ್ನು ಹೇಗೆ ಹೇಳಲಿ? ಬಚ್ಚಲುಮನೆಯಲ್ಲಿ ಪ್ರಯತ್ನಿಸಿದೆ. ಅಲ್ಲಿ ನನ್ನ ದನಿ ಗುಡಿಯ ಗಂಟೆಯಂತೆ ಮೊಳಗಿತು. ಕಚೇರಿಯ ಹಳೇ ಕಾಗದಗಳ ಕೋಣೆಗೆ ಒಯ್ದೆ. "ಅವ್ವಾ" ಎನ್ನುವಷ್ಟರಲ್ಲಿ ಜವಾನ ಬಂದು, ಸಾಹೇಬರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಹಿಂದಿಯಲ್ಲಿ ಕೇಳಿ ನೀರು ತಂದುಕೊಟ್ಟ. ಕೊನೆಗೆ ಒಂದು ಭಾನುವಾರ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಕಾಂಕರಿಯಾ ಕೆರೆಯ ದಂಡೆಗೆ ಹೋದೆ. ಅಲ್ಲಿ ಜಾತ್ರೆಯಷ್ಟು ಜನ. ಆದರೆ ಜನ ಇದ್ದರೇನು? ನನ್ನ ಬಳಿ ಕನ್ನಡ ಇದೆಯಲ್ಲ. ಒಂದು ಕಟ್ಟೆಯ ಮೇಲೆ ಕೂತು ಗುಂಡಿ ಒತ್ತಿದೆ.

ಎಲ್ಲ ಹೇಳಿದೆ. ಆವತ್ತು ಏನಾಯಿತು, ಡಾಕ್ಟರು ಏನಂದರು, ವತ್ಸಲಾ ಅಳುವುದಿಲ್ಲ, ನನಗೆ ಏನು ಮಾಡಬೇಕೋ ತಿಳಿಯುವುದಿಲ್ಲ, ಗಂಡುಕೂಸು ಆಗಿತ್ತಂತೆ ಅವ್ವಾ, ಎಂದೆಲ್ಲ. ಹೇಳುತ್ತ ಹೇಳುತ್ತ ದನಿ ಏರಿತು, ನಡುಗಿತು, ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಂಡು ನೋಡುತ್ತೇನೆ, ಸುತ್ತಲೂ ಒಂದು ಗುಂಪೇ ಸೇರಿದೆ. ಕಡಲೆಕಾಯಿ ತಿನ್ನುತ್ತ ಮಕ್ಕಳು ಮರಿಗಳೊಡನೆ ನಿಂತು ಭಕ್ತಿಯಿಂದ ಕೇಳುತ್ತಿದ್ದಾರೆ. ನಾನು ಗುಂಡಿ ಒತ್ತಿ ನಿಲ್ಲಿಸಿದ ಕೂಡಲೇ ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಮುಂದೆ ಬಂದು ನನ್ನ ಬೆನ್ನು ತಟ್ಟಿ, "ಬಹು ಸರಸ್, ಭಾಈ! ಮದ್ರಾಸಿ ಭಜನ್?" ಎಂದರು. ಬಹಳ ಚೆನ್ನಾಗಿತ್ತು ಎಂದು. ನಾನು ಹೌದೆಂದು ಕೈ ಮುಗಿದೆ. ಎಷ್ಟೋ ಜನರ ಎದುರು ನನ್ನ ಹೊಟ್ಟೆಯ ಸಂಕಟವನ್ನೆಲ್ಲ ಸುರಿದಿದ್ದೆ, ಒಬ್ಬರಿಗೂ ಏನೂ ಗೊತ್ತಾಗಿರಲಿಲ್ಲ. ಮನೆಗೆ ನಡೆಯುತ್ತ, ಇಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲವೆನ್ನಿಸಿತು.

ಮಣಿನಗರ ಹತ್ತಿರ ಬಂದಾಗ ಬುದ್ಧಿ ಬಂತು. ಈ ಕ್ಯಾಸೆಟ್ ಹೋಗುವುದು ಎಲ್ಲಿಗೆ? ಜಮಖಾನೆಗೆ. "ಇದು ಅವ್ವಗ ಮಾತ್ರ" ಎಂದು ನಾನು ಹೇಳಿದ ಕೂಡಲೇ ಎಲ್ಲರೂ ಇನ್ನಷ್ಟು ಹತ್ತಿರ ಸರಿದು ಕೂರುತ್ತಾರೆ. ವತ್ಸಲಾ ಹೆದರಿದ್ದು ಇದಕ್ಕೇ. ಅವತ್ತೇ ಸಂಜೆ ಅದೇ ಕ್ಯಾಸೆಟ್ಟಿನ ಮೇಲೆ, ಕೆರೆಯ ದಂಡೆಯ ಮಾತೆಲ್ಲ ಅಳಿಸಿಹೋಗುವಂತೆ, ಬೇರೆ ಮಾತು ತುಂಬಲು ಕೂತೆ. ಎಂಥ ಮಾತು! "ಅವ್ವಾ, ನಾವೆಲ್ಲಾ ಭಾಳ ಆರಾಮ ಇದ್ದೇವಿ. ಇಲ್ಲೆ ಮಳಿ ಕಡಿಮಿ ಆಗೇದ. ಕಚೇರಿಯೊಳಗ ನನಗ ಹೊಸಾ ಖುರ್ಚಿ ಕೊಟ್ಟಾರ. ವತ್ಸಲಾ ಅಡಿಗಿ ಮಾಡ್ಲಿಕತ್ತಾಳ, ಆಮ್ಯಾಲೆ ಮಾತಾಡ್ತಾಳ." ಅಡಿಗೆಮನೆಯಲ್ಲಿ ಸ್ಟೋವು ಭರ್ರೆನ್ನುತ್ತಿತ್ತು. ಮೇಜಿನ ಕೆಳಗೆ ಮಾಲು ತನ್ನ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗುಜರಾತಿಯಲ್ಲಿ ಏನೋ ಹೇಳುತ್ತಿದ್ದಳು. ಸುಮ್ಮನಿರು ಎನ್ನಬೇಕೆಂದುಕೊಂಡೆ. ಮೊಮ್ಮಗಳ ದನಿ ಕೇಳಿದರೆ ಅವ್ವನಿಗೆ ಸಂತೋಷವಾದೀತು ಎಂದು ಬಿಟ್ಟೆ. ಈ ಕಡೆ, ಆ ಕಡೆ ಎರಡನ್ನೂ ಹಲವು ಸಲ ಹಾಕಿ ಪರೀಕ್ಷಿಸಿದೆ. ಹಳೆಯ ಮಾತಿನ ಒಂದು ಚೂರೂ ಉಳಿದಿರಲಿಲ್ಲ. ನನ್ನ ಸುಳ್ಳಿನ ಹಿಂದೆ ಸ್ಟೋವಿನ ಸದ್ದು, ಜೋಕಾಲಿಯ ಸದ್ದು, ಮಗುವಿನ ಗುಣುಗುಣು. ನಿಶ್ಚಿಂತೆಯಿಂದ ಬನಿಯನ್ನಿನಲ್ಲಿ ಸುತ್ತಿ ಕಳಿಸಿದೆ.

ಆಮೇಲೆ ಬಹಳ ದಿನ ಹುಬ್ಬಳ್ಳಿಯಿಂದ ಏನೂ ಬರಲಿಲ್ಲ. ಬಂದಾಗ ವತ್ಸಲಾ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದ್ದು ಹೋಗುತ್ತಾಳೆಂದುಕೊಂಡೆ. ಹೋಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವ್ವ ಶುರು ಮಾಡಿದಳು. ಎಲ್ಲರೂ ಆರಾಮ, ವೈನಿಗೆ ನೆಗಡಿಯಾಗಿತ್ತು ಈಗ ಕಡಿಮೆ, ಗೋಡೆಗೆ ಸುಣ್ಣ ಹೊಡೆಸಿದರು. ಕುಂಚಿಗೆಯ ಮಾತಿಲ್ಲ. ಬಾಣಂತನದ ಮಾತಿಲ್ಲ. ನನಗೆ ಆಶ್ಚರ್ಯವಾಯಿತು. ಕೊನೆಗೆ ಅವ್ವ ಗಂಟಲು ಸರಿಮಾಡಿಕೊಂಡು, "ಈಗ ನಾ ಒಂದೀಟು ಗುಜರಾತಿ ಮಾತಾಡ್ತೇನಿ. ಮಾಲೂನ ಕೂಡ ಮಾತಾಡ್ಲಿಕ್ಕೆ ಬೇಕಲ್ಲ, ಅದಕ್ಕ ಜಯಾಬೆನ್ ಕಡೆ ಕಲಿತೇನಿ. ಯಾರೂ ನಗಬ್ಯಾಡ್ರಿ" ಎಂದಳು. ಪಡಸಾಲೆ ಆಗಲೇ ನಗುತ್ತಿತ್ತು. "ಅವ್ವ ಪಂಡಿತಳಾದ್ಲು!" ಎಂದು ಅಣ್ಣನ ದನಿ ಕೇಳಿಸಿತು.

ಅವ್ವ ಮಂತ್ರ ಒಪ್ಪಿಸುವವರಂತೆ ಒಂದೊಂದೇ ಮಾತನ್ನು ತಡೆದು ತಡೆದು ಹೇಳಿದಳು. "ವತ್ಸಲಾ ದೀಕರೀ, ಹು ಜಾಣು ಛು." ವತ್ಸಲಾ ಮಗಳೇ, ನನಗೆ ಗೊತ್ತಿದೆ. ಇಷ್ಟು ಕಚೇರಿಯಲ್ಲಿ ದಿನಾ ಕೇಳುವ ಮಾತು, ನನಗೂ ತಿಳಿಯಿತು. ಮುಂದಿನದು ತಿಳಿಯಲಿಲ್ಲ. ಮುಂದೆ ಬಹಳ ಇತ್ತು. ಮರೆತ ಕಡೆ ಜಯಾಬೆನ್ ಹಿಂದಿನಿಂದ ಮೆಲ್ಲಗೆ ಹೇಳಿಕೊಡುತ್ತಿದ್ದಳು. ಅವ್ವನ ಬಾಯಲ್ಲಿ ಆ ಭಾಷೆ ತೊಡರಿದಾಗಲೆಲ್ಲ ಪಡಸಾಲೆಯಲ್ಲಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಆ ನಗುವಿನ ನಡುವೆ ನನ್ನ ಅವ್ವ, ಪಿಸುಮಾತು ಬಾರದ ಮನೆತನದ ಹಿರಿಯಳು, ಗಟ್ಟಿಯಾಗಿ, ಎಲ್ಲರ ಎದುರಿಗೆ, ತನ್ನ ಸೊಸೆ ವತ್ಸಲಾ ಒಬ್ಬಳ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದಳು.

ವತ್ಸಲಾಳ ಕೈ ಅಕ್ಕಿಯಲ್ಲೇ ನಿಂತಿತು. ಕ್ಯಾಸೆಟ್ ಮುಗಿದ ಮೇಲೆ ಆಕೆ ಎದ್ದು ಬಂದು, ಎಂದೂ ಮುಟ್ಟದಿದ್ದ ಯಂತ್ರದ ಗುಂಡಿ ತಾನೇ ಒತ್ತಿ, ಹಿಂದೆ ಓಡಿಸಿ, ಮತ್ತೆ ಹಾಕಿದಳು. ಎರಡನೆಯ ಸಲ ಅರ್ಧಕ್ಕೆ ಬಂದಾಗ ಅಳು ಒಡೆಯಿತು. ಅಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದಳೋ ಏನೋ, ಆ ಅಳುವನ್ನು ನೋಡಿ ನನಗೆ ಭಯವಾಯಿತು. ಹತ್ತಿರ ಹೋಗಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗ ಗೋಡೆಯಾಚೆಯ ಜೋಕಾಲಿ ನಿಂತಿತು. ಅವ್ವನ ಗುಜರಾತಿ ಹುಬ್ಬಳ್ಳಿಯ ಪಡಸಾಲೆಗೆ ಬೀಗವಾಗಿತ್ತು, ಸರಿ. ಮಣಿನಗರದಲ್ಲಿ, ಕಿಟಕಿ ತೆರೆದ ಮನೆಯಲ್ಲಿ, ಅದು ಯಾರಿಗೆ ಬೀಗ? ಕಾಂತಾಬೆನ್ ಕಣ್ಣೊರೆಸಿಕೊಳ್ಳುತ್ತಲೇ ಒಳಗೆ ಬಂದರು. ನನ್ನ ಕಡೆ ನೋಡಲೂ ಇಲ್ಲ. ವತ್ಸಲಾಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ತಾವೂ ಅಳಲು ಶುರುಮಾಡಿದರು. ಆಮೇಲೆ ನಾನಿರುವುದು ನೆನಪಾಗಿ, "ಭಾಈ, ತಮೇ ಬಹಾರ್ ಜಾವೋ" ಎಂದು ಕೈಯಿಂದ ಬಾಗಿಲು ತೋರಿಸಿದರು. ನನ್ನ ಮನೆಯಿಂದ ನನ್ನನ್ನೇ ಹೊರಗೆ ಕಳಿಸಿದರು. ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ.

ಅವ್ವನಿಗೆ ಹೇಗೆ ಗೊತ್ತಾಯಿತು? ಸಂಜೆ ಅದೇ ಪ್ರಶ್ನೆ. ಇಬ್ಬರೂ ಒಬ್ಬರನ್ನೊಬ್ಬರು ಸಂಶಯದಿಂದ ನೋಡಿ, ಕೊನೆಗೆ ಇಬ್ಬರೂ ಮಾಲುವನ್ನು ನೋಡಿದೆವು. ವತ್ಸಲಾ ಹತ್ತಿರ ಕರೆದು, ಆವತ್ತು ಪಪ್ಪಾ ಮಾತಾಡುವಾಗ ನೀನು ಮೇಜಿನ ಕೆಳಗೆ ಏನು ಹೇಳುತ್ತಿದ್ದೆ ಎಂದು ಕೇಳಿದಳು. ಮಾಲು ಏನೂ ಮುಚ್ಚಿಡಲಿಲ್ಲ. ಗೊಂಬೆ ಹಟ ಮಾಡುತ್ತಿತ್ತಂತೆ. ಗದ್ದಲ ಮಾಡಬೇಡ, ಮಮ್ಮಿಯ ಪಾಪು ದೇವರ ಮನೆಗೆ ಹೋಗಿಬಿಟ್ಟಿದೆ, ಮಮ್ಮಿ ಈಗ ಮಾತಾಡುವುದೇ ಇಲ್ಲ, ನೀನಾದರೂ ಜಾಣೆಯ ಹಾಗೆ ಇರು ಎಂದು ಅದಕ್ಕೆ ತಿಳಿಹೇಳುತ್ತಿದ್ದಳಂತೆ. ನಾನು ಮತ್ತೆ ಮತ್ತೆ ಕೇಳಿ ಪರೀಕ್ಷಿಸಿದ ಕ್ಯಾಸೆಟ್ಟಿನಲ್ಲಿ ನಿಜ ಹೇಳಿದ ಒಂದೇ ದನಿ ಅದು. ನನ್ನ ಕಿವಿಗೆ ಅದು ಗುಣುಗುಣು.

ದೀಪಾವಳಿಯ ರಜೆಗೆ ಹೋದಾಗ ಉಳಿದದ್ದು ತಿಳಿಯಿತು. ಜಯಾಬೆನ್ ಪಡಸಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಮರುದಿನ ಅವ್ವ ಹಿತ್ತಲಲ್ಲಿ ಒಬ್ಬಳೇ ಬಟ್ಟೆ ಒಣಹಾಕುವಾಗ ಬಂದು ಹೇಳಿದ್ದಳು. ಅವ್ವ ಒದ್ದೆ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತು, ಮನೆಯವರಿಗೆ ಕಣ್ಣಲ್ಲಿ ಸಾಬೂನು ಹೋಗಿದೆ ಎಂದಿದ್ದಳು. ಮುಂದೆ ತನಗೆ ಸರಿ ಕಂಡ ದಿನ ಎಲ್ಲರನ್ನೂ ಕೂರಿಸಿ ಸುದ್ದಿ ಹೇಳಿ, "ಇನ್ನ ಈ ವಿಷಯ ಯಾರರ ತಗದೀರಿ ಅಂದ್ರ ನನ್ನ ಕೈ ತುತ್ತು ನಿಮಗಿಲ್ಲ" ಎಂದು ಬಾಯಿ ಮುಚ್ಚಿಸಿದ್ದಳು. ನಾವು ಹೋದಾಗ ಯಾರೂ ಏನೂ ಕೇಳಲಿಲ್ಲ. ವೈನಿ ವತ್ಸಲಾಳನ್ನು ಅಡಿಗೆಮನೆಗೇ ಬಿಡದೆ, ಕೂತಲ್ಲಿಗೇ ತಟ್ಟೆ ತಂದು ಕೊಟ್ಟಳು. ಆಕೆಯ ಸೀರೆ ಬಣ್ಣ ಬಿಟ್ಟಿದ್ದರೂ ಆಕೆ ಕೆಟ್ಟವಳಲ್ಲ. ಹೊರಡುವ ದಿನ ಅವ್ವ ಮಾಲುವಿನ ಕೈಯಲ್ಲಿ ಒಂದು ಪುಟ್ಟ ಕುಂಚಿಗೆ ಇಟ್ಟಳು. ದೊಡ್ಡದನ್ನು ಕತ್ತರಿಸಿ ಗೊಂಬೆಯ ಅಳತೆಗೆ ಹೊಲಿದಿದ್ದಳು. ಅಂಚು ಹಳದಿ. ರೈಲಿನಲ್ಲಿ ಮುಂಬಯಿ ಬರುವವರೆಗೂ ವತ್ಸಲಾ ಆ ಗೊಂಬೆಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದಳು, ಮಾಲು ಕೇಳಿದರೂ ಕೊಡಲಿಲ್ಲ.

ಇಷ್ಟಾದರೂ ನನಗೆ ಒಂದು ಗೊತ್ತಾಗಲಿಲ್ಲ. ಆ ಕ್ಯಾಸೆಟ್ಟಿನಲ್ಲಿ ಅವ್ವ ಇನ್ನೂ ಏನು ಹೇಳಿದ್ದಳು? ಮೊದಲ ದಿನವೇ ವತ್ಸಲಾಳನ್ನು ಕೇಳಿದ್ದೆ. "ಅದು ನನಗ ಹೇಳಿದ್ದು" ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳುವವರ ಹಾಗೆ. ಕಾಂತಾಬೆನ್ನರನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. "ಏ ತೋ ಬೈರಾಂನೀ ವಾತ್ ಛೇ" ಎಂದು ಜೋಕಾಲಿ ತೂಗಿಕೊಂಡರು. ಅದು ಹೆಂಗಸರ ಮಾತಂತೆ. ನಾಚಿಕೆ ಬಿಟ್ಟು ಮಾಲುವಿಗೆ ಪೆಪ್ಪರಮಿಂಟಿನ ಆಸೆ ತೋರಿಸಿದೆ. "ಪಪ್ಪಾ, ಮಮ್ಮಿ ನಾ ಅಂದಾಳ. ನಾ ಬೋಲಂಗಿಲ್ಲ" ಎಂದು, ಮಮ್ಮಿ ಬೇಡವೆಂದಿದ್ದಾಳೆಂಬುದನ್ನು ತನ್ನ ಕಲಬೆರಕೆ ಕನ್ನಡದಲ್ಲಿ ಹೇಳಿ, ಪೆಪ್ಪರಮಿಂಟು ತೆಗೆದುಕೊಂಡು ಓಡಿದಳು. ಅವ್ವನನ್ನೇ ಕೇಳಿದರೆ, "ಜಯಾಬೆನ್ ಹೇಳಿಕೊಟ್ಟದ್ದು ಅಂದೆ, ನನಗೇನು ಅರ್ಥ ಆಗತದಪಾ" ಎಂದು ನನ್ನ ಮುಖ ನೋಡದೆ ಎಲೆ ಅಡಿಕೆ ಹಾಕಿಕೊಂಡಳು. ಒಂದು ಮಾತು ಯಾರಿಗೂ ತಿಳಿಯಬಾರದೆಂದು ಬಚ್ಚಲುಮನೆ, ಕಚೇರಿ, ಕೆರೆಯ ದಂಡೆ ಸುತ್ತಿದವನು ನಾನು. ಕೊನೆಗೆ ಆ ಮಾತಿಗೆ ಅವ್ವ ಕೊಟ್ಟ ಉತ್ತರ ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಯಿಂದ ಮಣಿನಗರದ ಜೋಕಾಲಿಯವರೆಗೆ ಎಲ್ಲರಿಗೂ ಗೊತ್ತು. ನನಗೊಬ್ಬನಿಗೆ ಗೊತ್ತಿಲ್ಲ.

ಆಮೇಲೆ ನನಗೆ ವಡೋದರಾಕ್ಕೆ ವರ್ಗವಾಯಿತು, ಈಗ ಸೂರತ್ತಿನಲ್ಲಿದ್ದೇವೆ. ಅವ್ವ ಹೋಗಿ ಎರಡು ವರ್ಷವಾಗುತ್ತ ಬಂತು. ಕ್ಯಾಸೆಟ್ ವತ್ಸಲಾಳ ಬೀರುವಿನಲ್ಲಿ ಸೀರೆಗಳ ನಡುವೆ ಇದೆ. ಅದರ ಮೇಲೆ ಹೆಸರು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಆಗೊಮ್ಮೆ ಈಗೊಮ್ಮೆ ಮಧ್ಯಾಹ್ನದ ಹೊತ್ತು ಆಕೆ ಅದನ್ನು ಹಾಕಿಕೊಂಡು ಕೇಳುತ್ತಾಳೆ. ಕಚೇರಿಯಲ್ಲಿ ಎಲ್ಲರೂ ಹಂಗಿಸುತ್ತಾರೆ, ಇಷ್ಟು ವರ್ಷವಾದರೂ ಗುಜರಾತಿ ಕಲಿಯಲಿಲ್ಲವಲ್ಲ ಸಾಹೇಬರೇ ಎಂದು. ತಲೆಗೆ ಹತ್ತುವುದಿಲ್ಲ ಎನ್ನುತ್ತೇನೆ. ಅದು ಈಗ ಸುಳ್ಳು. ಬೇಡವೆಂದರೂ ಒಂದೊಂದು ಮಾತು ಬಂದು ಹತ್ತಿಕೊಳ್ಳುತ್ತಿದೆ. ಕೆಲವು ತಿಂಗಳ ಹಿಂದೆ ಒಂದು ರಜೆಯ ದಿನ ವತ್ಸಲಾ ಅದನ್ನು ಹಾಕಿದಳು. "ಹು ಜಾಣು ಛು" ಆದಮೇಲೆ ಬರುವ ವಾಕ್ಯ ಇನ್ನೇನು ಅರ್ಥವಾ‌ಗಿಬಿಡುತ್ತದೆ ಅನ್ನಿಸಿತು. ಗಾಬರಿಯಾಗಿ, ಕೈಗೆ ಸಿಕ್ಕ ಚೀಲ ಹಿಡಿದು, ಕೊತ್ತಂಬರಿ ತರುತ್ತೇನೆಂದು ಕೂಗಿ ಹೊರಬಿದ್ದೆ. ಒಂದು ಗುಟ್ಟನ್ನು ಕಾಪಾಡಲು ನನ್ನಿಂದ ಆಗುವುದು ಇಷ್ಟೇ. ಬಹಳ ಹೊತ್ತು ಬೀದಿ ಸುತ್ತಿ ಮರಳಿದಾಗ ವತ್ಸಲಾ ಚೀಲ ಇಸಿದುಕೊಂಡು ಒಮ್ಮೆ ನನ್ನ ಮುಖ ನೋಡಿದಳು. ಆಮೇಲಿನ ರಜೆಗಳಲ್ಲೂ ಆ ಕ್ಯಾಸೆಟ್ ಶುರುವಾದ ಕೂಡಲೇ ನಾನು ಕೊತ್ತಂಬರಿಗೆಂದು ಹೊರಬೀಳುತ್ತಿದ್ದೇನೆ. ಆದರೆ ಇತ್ತೀಚೆಗೆ ನನಗೊಂದು ಅನುಮಾನ ಶುರುವಾಗಿದೆ: ಮನೆಯಲ್ಲಿ ಕೊತ್ತಂಬರಿ ಮುಗಿದ ದಿನವೇ ಆಕೆ ಆ ಕ್ಯಾಸೆಟ್ ಹಾಕುತ್ತಾಳೆ.